ಆರನೇ ತರಗತಿ ಸೈಬರಿಗೆ ಹೋದ ಶುಕ್ರವಾರ

ಕರೆಂಟು ಹೋಗಬಹುದು. ಕರೆಂಟಿದ್ದರೆ ಫೋನಿನ ಲೈನು ಸತ್ತಿರಬಹುದು. ಎರಡೂ ಇದ್ದು, ಮಕ್ಕಳು ನೋಡಬಾರದ ಚಿತ್ರವೊಂದು ಯಾರೂ ಕರೆಯದೆ ಸ್ಕ್ರೀನಿನ ಮೇಲೆ ಬಂದು ಕೂರಬಹುದು. ಅದನ್ನು ಮುಚ್ಚಲು ಹೋಗಿ ನಾನು ಅಂಥವೇ ಇನ್ನು ನಾಲ್ಕನ್ನು ತೆರೆಯಬಹುದು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ಮಕ್ಕಳನ್ನು ಎಣಿಸಿದಾಗ ಇಪ್ಪತ್ತೊಂದೇ ಸಿಗಬಹುದು. ಇಪ್ಪತ್ತಮೂರು ಸಿಕ್ಕಿದರೆ ಇನ್ನೂ ಕಷ್ಟ. ಯಾರಾದರೂ ವಾಂತಿ ಮಾಡಬಹುದು, ಅದೂ ಕೀಬೋರ್ಡಿನ ಮೇಲೆ. ಸೈಬರ್ ಕೆಫೆಯ ಮರದ ಮೆಟ್ಟಿಲು ಅಷ್ಟು ಜನರ ಭಾರ ತಾಳದಿರಬಹುದು. ಯಾರೋ ಪೋಷಕರು ಅದೇ ಹೊತ್ತಿಗೆ ಅಲ್ಲಿಗೆ ಬಂದು, "ಟೀಚರ್ ಮಕ್ಕಳನ್ನು ಕರ್ಕೊಂಡು ಸೈಬರಿಗೆ ಹೋದ್ದಂತೆ" ಎಂದು ಊರಿಡೀ ಹೇಳಬಹುದು. ಶಿಕ್ಷಣಾಧಿಕಾರಿಗಳು ಆ ದಿನವೇ ಶಾಲೆಗೆ ಬಂದು ಆರನೇ ತರಗತಿಯ ಖಾಲಿ ಬೆಂಚುಗಳನ್ನು ನೋಡಬಹುದು. ಇದೆಲ್ಲ ಸರಿಹೋದರೂ, ಮಕ್ಕಳು ಏನೂ ಕಲಿಯದೆ ವಾಪಸು ಬರಬಹುದು.

ಹಿಂದಿನ ದಿನ ಸಂಜೆ ಈ ಪಟ್ಟಿಯನ್ನು ನಾನು ಗಂಡನಿಗೆ ಓದಿ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಭೂಕಂಪ ಬಿಟ್ಟುಹೋಗಿದೆ" ಎಂದರು.

ನಾನು ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ಐವತ್ತೆರಡಕ್ಕೇ ಸ್ವಯಂ ನಿವೃತ್ತಿ ಪಡೆದವಳು. ಕಾರಣ ಕೇಳಿದವರಿಗೆ ಮೊಣಕಾಲು ಎನ್ನುತ್ತೇನೆ. ನಿಜಕ್ಕೂ ಮೊಣಕಾಲೇ. ಮೊನ್ನೆ ನಮ್ಮ ಪಕ್ಕದ ಮನೆಯ ಹುಡುಗಿ, ಹೊಸದಾಗಿ ಟೀಚರಾದವಳು, ಬಂದು ಕೇಳಿದಳು: "ಆಂಟಿ, ಮಕ್ಕಳಿಗೆ ಇಂಟರ್ನೆಟ್ಟಲ್ಲಿ ಹುಡುಕುವ ಪ್ರಾಜೆಕ್ಟ್ ಕೊಡ್ಬೇಕಂತೆ. ಕೊಟ್ರೆ ಎರಡೇ ನಿಮಿಷದಲ್ಲಿ ಕಾಪಿ ಮಾಡಿ ತರ್ತಾರೆ. ನೀವೆಲ್ಲ ಆಗ ಎಂತ ಮಾಡ್ತಿದ್ರಿ?" ನಾವು ಎರಡು ದಿನ ಕೂತು ಕಾಪಿ ಮಾಡಿಸುತ್ತಿದ್ದೆವು ಎಂದು ಅವಳಿಗೆ ಹೇಳಲು ನಾಚಿಕೆಯಾಯಿತು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ತೊಂಬತ್ತರ ದಶಕದ ವಿಷಯ. ಆಗ ನಾನು ಮುಂಡಾಜೆಯಿಂದ ಒಳಗೆ ಒಂದು ಶಾಲೆಯಲ್ಲಿದ್ದೆ. ನಾಲ್ಕು ತರಗತಿ, ಇಬ್ಬರು ಟೀಚರುಗಳು. ಪ್ರಾಜೆಕ್ಟ್ ಎಂದರೆ ಅಂಗಡಿಯಲ್ಲಿ ಸಿಗುವ ಚಾರ್ಟಿನಿಂದ ಚಿತ್ರ ಕತ್ತರಿಸಿ, ಅನ್ನದ ಅಗುಳಿನಲ್ಲಿ ಅಂಟಿಸಿ, ಕೆಳಗೆ ಹೆಸರು ಬರೆಯುವುದು. ಮಕ್ಕಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ಹೇಳ್ತೇನೆ" ಎನ್ನುವುದು ನಮ್ಮ ಪದ್ಧತಿ. ನಾಳೆಗೆ ಮಕ್ಕಳು ಮರೆಯುತ್ತಾರೆ ಎಂಬ ಭರವಸೆ. ಬಾವಲಿ ತಲೆಕೆಳಗಾಗಿ ಯಾಕೆ ನೇತಾಡುತ್ತದೆ ಎಂದು ಕೇಳಿದ ಒಬ್ಬ ಹುಡುಗ ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ "ಟೀಚರ್, ನಾಳೆ ಆಯ್ತಾ?" ಎನ್ನುತ್ತಿದ್ದ. ವರ್ಗಾವಣೆಯಾಗಿ ನಾನೇ ಅವನಿಂದ ಪಾರಾದೆ.

ವರ್ಗವಾದದ್ದು ಬಂಟ್ವಾಳದ ಕಡೆಗೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಬಂದದ್ದು ನೇರ ಹೆಡ್‌ಮಾಸ್ಟ್ರ ಕೋಣೆಗೆ. ಹೂವಿನ ಚಿತ್ತಾರದ ಬಟ್ಟೆ ಹೊದ್ದು ಅದು ಮೂಲೆಯಲ್ಲಿ ಕೂತಿತು. ಆಯುಧಪೂಜೆಗೆ ಅದಕ್ಕೆ ಗಂಧ, ಕುಂಕುಮ, ಸೇವಂತಿಗೆ ಹೂ. ಆನ್ ಮಾಡುವ ಎಂದರೆ, "ಹಾಳಾದ್ರೆ ಯಾರು ಉತ್ತರ ಕೊಡುವುದು ಟೀಚರ್? ಇದು ಸ್ಟಾಕ್ ಬುಕ್ಕಿನಲ್ಲಿ ಉಂಟು" ಎನ್ನುತ್ತಿದ್ದರು ಹೆಡ್‌ಮಾಸ್ಟ್ರು. ನಾನು ಅವರನ್ನು ನೋಡಿ ನಗುವ ಹಾಗಿರಲಿಲ್ಲ. ಮಿಕ್ಸಿ ಹಾಳಾದೀತೆಂದು ಮನೆಯಲ್ಲಿ ಒಂದು ವರ್ಷ ಕಲ್ಲಿನಲ್ಲೇ ಅರೆದವಳು ನಾನು.

ಆ ವರ್ಷವೇ ನನ್ನನ್ನು ಒಂದು ತರಬೇತಿಗೆ ಕಳುಹಿಸಿದರು. ಮೂರು ದಿನ. ಅಲ್ಲಿ ಹೇಳಿಕೊಟ್ಟದ್ದು ಇಷ್ಟು: ಮಕ್ಕಳನ್ನು ಇಂಟರ್ನೆಟ್ಟಿನಲ್ಲಿ ಸುಮ್ಮನೆ ಬಿಡಬಾರದು. ಟೀಚರು ಮೊದಲೇ ಹುಡುಕಿ ಒಳ್ಳೆಯ ನಾಲ್ಕೈದು ಪುಟಗಳನ್ನು ಆರಿಸಿಡಬೇಕು. ಒಂದು ಕೆಲಸ ಕೊಡಬೇಕು, ಗುಂಪು ಮಾಡಬೇಕು, ಗುಂಪಿನಲ್ಲಿ ಒಬ್ಬೊಬ್ಬರಿಗೂ ಒಂದು ಪಾತ್ರ ಹಂಚಬೇಕು. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ನಾನು ಇದನ್ನು 'ದಾರಿಹಾಳೆ' ಎಂದು ಕರೆದೆ. ಏನೇನಾಗಬಹುದೆಂದು ಮೊದಲೇ ಯೋಚಿಸಿಡುವ ಕೆಲಸ! ಜೀವಮಾನವಿಡೀ ಬೈಸಿಕೊಂಡ ನನ್ನ ಕೆಟ್ಟ ಚಾಳಿಗೆ ಸರಕಾರವೇ ಸರ್ಟಿಫಿಕೇಟು ಕೊಟ್ಟ ಹಾಗಾಯಿತು.

ಮೊದಲ ದಾರಿಹಾಳೆ ಹುಲಿಯ ಮೇಲೆ. "ಹುಲಿಯ ಬಗ್ಗೆ ಮಾಹಿತಿ ಸಂಗ್ರಹಿಸಿ ಬರೆಯಿರಿ." ಶಾಲೆಯ ಕಂಪ್ಯೂಟರ್ ಬಟ್ಟೆಯೊಳಗೇ ಇದ್ದುದರಿಂದ, ನಾನೇ ಬಿ.ಸಿ.ರೋಡಿನ ಸೈಬರಿಗೆ ಹೋಗಿ ಐದು ಪುಟಗಳನ್ನು ಪ್ರಿಂಟ್ ತೆಗೆದು ತಂದೆ. ಎಲ್ಲವೂ ಇಂಗ್ಲಿಷ್. ಕಷ್ಟದ ಪದಗಳಿಗೆ ಕನ್ನಡದ ಅರ್ಥ ಬರೆದುಕೊಟ್ಟೆ. ಎರಡು ದಿನ ತರಗತಿಯಲ್ಲಿ ಸೊಳ್ಳೆ ಹಾರಿದರೆ ಕೇಳಿಸುವಷ್ಟು ಮೌನ. ನನಗೆ ಪರಮಾನಂದ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಬೋರ್ಡಿನಲ್ಲಿ ಇದ್ದದ್ದನ್ನು ಚುಕ್ಕೆ ಬಿಡದೆ ಬರೆದುಕೊಂಡು ಬೆಳೆದವರು ಎಂಬುದನ್ನು ನಾನು ಮರೆತಿದ್ದೆ. ಹುಲಿಯ ಉದ್ದ, ತೂಕ, ಆಹಾರ ಎಲ್ಲ ಮುಗಿದ ಮೇಲೆ, ಇಪ್ಪತ್ತು ಪುಸ್ತಕಗಳಲ್ಲಿ ದುಂಡಗಿನ ಅಕ್ಷರದಲ್ಲಿ 'ಕ್ಲಿಕ್ ಹಿಯರ್', 'ಬ್ಯಾಕ್ ಟು ಹೋಮ್' ಎಂದಿತ್ತು. ಒಬ್ಬಳಂತೂ ಪುಟದ ಅಡಿಯಲ್ಲಿದ್ದ 'ನೀವು ಇಷ್ಟನೆಯ ಭೇಟಿಗಾರರು' ಎಂಬ ಸಂಖ್ಯೆಯನ್ನು ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದಳು.

"ಇದೆಂತದು?" ಎಂದೆ.

"ಹುಲಿಗಳ ಲೆಕ್ಕ ಟೀಚರ್."

ನಾನು ಆ ಪುಸ್ತಕಕ್ಕೆ ಅಷ್ಟರಲ್ಲಿ ಹತ್ತಕ್ಕೆ ಹತ್ತು ಕೊಟ್ಟಾಗಿತ್ತು. ಹೊಸಬರೇ, ಇದನ್ನು ಗಮನಿಸಿ. ತಪ್ಪು ಮಕ್ಕಳದ್ದಲ್ಲ. "ಮಾಹಿತಿ ಸಂಗ್ರಹಿಸಿ" ಎಂದವಳು ನಾನು. ಅವರು ಕಸಬರಿಕೆ ಹಿಡಿದು ಇದ್ದದ್ದನ್ನೆಲ್ಲ ಗುಡಿಸಿ ತಂದರು. ಪುಟದಲ್ಲಿ ಸಿದ್ಧವಾಗಿ ಕೂತಿರುವ ಉತ್ತರವನ್ನು ಕೇಳಿದರೆ ಕಾಪಿಯಲ್ಲದೆ ಬೇರೇನೂ ಬರುವುದಿಲ್ಲ. ಎರಡು ಪುಟಗಳನ್ನು ಓದಿ ಯಾವುದು ಸರಿ ಎಂದು ಜಗಳವಾಡಲೇಬೇಕಾದ ಪ್ರಶ್ನೆ ಬೇಕು. ಇಷ್ಟು ತಿಳಿಯುವಾಗ ನನಗೆ ಮತ್ತೆ ವರ್ಗವಾಯಿತು.

ಈ ಸಲ ಮೂಡುಬಿದಿರೆ ಕಡೆಗೆ, ತೋಡಾರಿನಿಂದ ಒಳರಸ್ತೆಯಲ್ಲಿ ಹೋದರೆ ಸಿಗುವ ಶಾಲೆ. ಅಲ್ಲಿ ಎರಡು ಕಂಪ್ಯೂಟರ್ ಇದ್ದವು, ಆನ್ ಕೂಡ ಆಗುತ್ತಿದ್ದವು. ಇಂಟರ್ನೆಟ್ ಇರಲಿಲ್ಲ. ಹೆಡ್‌ಮಾಸ್ಟ್ರು ಜಿನರಾಜ ಮಾಸ್ಟ್ರು, ಮೆಲುದನಿಯ ಮನುಷ್ಯ. ಮನೆಯವರು ತಲೆಮಾರುಗಳಿಂದ ಬಸದಿಯ ಉಸ್ತುವಾರಿ ನೋಡಿಕೊಂಡು ಬಂದವರು. ದೀಪದ ಎಣ್ಣೆ ಚೆಲ್ಲದ ಹಾಗೆ ನಡೆಯುವ ಅಭ್ಯಾಸ ಅವರಿಗೆ ಶಾಲೆಯಲ್ಲೂ ಇತ್ತು.

ಆರನೇ ತರಗತಿಯಲ್ಲಿ ಒಂದು ದಿನ ತಂದೆ-ತಾಯಿಯ ಉದ್ಯೋಗ ಕೇಳುತ್ತಿದ್ದೆ. ಬೀಡಿ ಕಟ್ಟುವುದು, ಗಾರೆ ಕೆಲಸ, ಅಂಗಡಿ. ನಾಲ್ಕೈದು ಮಕ್ಕಳು "ಗಲ್ಫ್" ಎಂದರು. ನಮ್ಮಲ್ಲಿ ಗಲ್ಫ್ ಒಂದು ಊರಲ್ಲ, ಅದೇ ಒಂದು ಉದ್ಯೋಗ. "ಗಲ್ಫಿನಲ್ಲಿ ಎಂತ ಕೆಲಸ?" ಎಂದು ಒತ್ತಿ ಕೇಳಿದಾಗ, ಮೂರನೇ ಬೆಂಚಿನ ಝೊಹರಾ ಎದ್ದು ನಿಂತು, "ನೀರು ಮಾಡುವ ಕಂಪೆನಿ" ಎಂದಳು.

"ನೀರು ಮಾಡುದಾ?" ಎಂದ ಹಿಂದಿನ ಬೆಂಚಿನ ಪ್ರವೀಣ. "ನೀರು ಎಂತ ಇಡ್ಲಿಯಾ ಮಾಡ್ಲಿಕ್ಕೆ? ಬಾವಿ ತೋಡುದು ಅಂತ ಹೇಳು ಮಾರಾಯ್ತಿ!"

ತರಗತಿ ನಕ್ಕಿತು. ನಾಚಿಕೆಯ ಮಾತೆಂದರೆ, ನನಗೂ ಸ್ವಲ್ಪ ನಗು ಬಂತು. ಆಟಿ ತಿಂಗಳ ಮಳೆಯಲ್ಲಿ ಬಾವಿಗೆ ಕೈ ಇಳಿಬಿಟ್ಟರೆ ನೀರು ಮುಟ್ಟುವ ಊರು ನಮ್ಮದು. ಝೊಹರಾ ನಗಲೂ ಇಲ್ಲ, ಅಳಲೂ ಇಲ್ಲ. ಕುಳಿತಳು. ಗಂಟೆ ಬಾರಿಸಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, "ಟೀಚರ್, ಸುಳ್ಳಲ್ಲ. ಆದ್ರೆ ಹೇಗೆ ಮಾಡುದು ಅಂತ ನನಗೆ ಗೊತ್ತಿಲ್ಲ. ಫೋನಲ್ಲಿ ಹೊತ್ತಿರುದಿಲ್ಲ, ಅಪ್ಪ ಬಂದಾಗ ಕೇಳ್ಲಿಕ್ಕೆ ನೆನಪಾಗುದಿಲ್ಲ" ಎಂದಳು. ತಂದೆ ಬರುತ್ತಿದ್ದುದು ಎರಡು ವರ್ಷಕ್ಕೊಮ್ಮೆ.

ನನ್ನ ಅತ್ಯುತ್ತಮ ದಾರಿಹಾಳೆ ಹುಟ್ಟಿದ್ದು ಅಲ್ಲಿಂದ: "ಹೊಳೆಯಿಲ್ಲದ, ಮಳೆಯಿಲ್ಲದ ಊರಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಝೊಹರಾಳ ತಂದೆಯ ಕಂಪೆನಿಯಲ್ಲಿ ಅದನ್ನು ಯಾವ ರೀತಿ ಮಾಡುತ್ತಾರೆ?" ಗುಂಪಿಗೆ ಒಬ್ಬರು ಓದುವವರು, ಒಬ್ಬರು ಅರ್ಥ ಹುಡುಕುವವರು, ಒಬ್ಬರು ಬರೆಯುವವರು. ನಾಲ್ಕನೆಯ ಪಾತ್ರ ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ, ನಾನೇ ಸೇರಿಸಿದ್ದು: ಅನುಮಾನ ಪಡುವವರು. ಪ್ರತಿ ಪುಟಕ್ಕೂ "ಇದನ್ನು ಬರೆದದ್ದು ಯಾರು? ಅವರಿಗೆ ಹೇಗೆ ಗೊತ್ತು?" ಎಂದು ಕೇಳುವುದು ಅವರ ಕೆಲಸ. ಜಗತ್ತಿನಲ್ಲಿ ನನಗೆ ಹೇಳಿ ಮಾಡಿಸಿದ ಹುದ್ದೆ ಅದೊಂದೇ. ಕೊನೆಯ ಹೆಜ್ಜೆ: ವಿಷಯ ಗೊತ್ತಿರುವ ಒಬ್ಬ ಮನುಷ್ಯನನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಪುಟಗಳನ್ನು ಪ್ರಿಂಟ್ ತೆಗೆದು ತರುವ ಪದ್ಧತಿ ಸಾಕು ಎನಿಸಿತ್ತು. ಮಕ್ಕಳೇ ನೋಡಲಿ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲೆ ಹಮೀದ್ ಎಂಬವರ ಸೈಬರ್ ಇತ್ತು. ಜಿನರಾಜ ಮಾಸ್ಟ್ರು ನನ್ನ ಕೋರಿಕೆಯನ್ನು ಎರಡು ಸಲ ಓದಿ, "ಆಗ್ಬಹುದು ಟೀಚರ್. ಆದ್ರೆ ಹೋದ್ರೆ ಇಪ್ಪತ್ತೆರಡೂ ಮಕ್ಕಳು ಹೋಗ್ಬೇಕು. ಒಂದು ಮನೆಯವರು ಬೇಡ ಅಂದ್ರೂ ಯಾರೂ ಹೋಗುದು ಬೇಡ. ಬಿಟ್ಟುಹೋದ ಮಗುವಿನ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು.

ಇಪ್ಪತ್ತೊಂದು ಒಪ್ಪಿಗೆ ಚೀಟಿ ಬಂತು. ಬಾರದ್ದು ಝೊಹರಾಳದ್ದು.

"ಅಜ್ಜಿ ಬೇಡ ಅಂದ್ರು" ಎಂದಳು. ಈ ಸಲ ಕಣ್ಣು ತುಂಬಿತ್ತು. ಅವಳ ಪ್ರಶ್ನೆಗಾಗಿಯೇ ಮಾಡಿದ ಪ್ರಯಾಣ, ಅವಳಿಂದಲೇ ಇಡೀ ತರಗತಿಗೆ ತಪ್ಪಿಹೋಗುವುದರಲ್ಲಿತ್ತು. ಪ್ರವೀಣ ಆಗಲೇ ಗೊಣಗುತ್ತಿದ್ದ.

ಸಂಜೆ ಅವರ ಮನೆಗೆ ಹೋದೆ. ಝೊಹರಾಳ ತಾಯಿ ಚಾ ತಂದಿಟ್ಟು, "ನನ್ನದೆಂತ ಇಲ್ಲ ಟೀಚರ್, ಮಾಮಿ ಹೇಳ್ಬೇಕು" ಎಂದು ಒಳಗೆ ಹೋದರು. ಮಾಮಿ ಎಂದರೆ ಅವರ ಅತ್ತೆ, ಬೀಫಾತುಮ್ಮ. ಜಗಲಿಯಲ್ಲಿ ಕಾಲು ನೀಡಿ ಕುಳಿತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಆ ಅಂಗಡಿ ನಾನು ಕೆಳಗಿಂದ ನೋಡಿದ್ದುಂಟು" ಎಂದರು. "ಒಬ್ಬೊಬ್ಬರು ಕೂರುವಲ್ಲಿಗೂ ಪರದೆ ಹಾಕಿದ್ದಾರೆ. ಕಲಿಯುವುದಕ್ಕೆ ಪರದೆ ಯಾಕೆ ಟೀಚರ್? ನೀವು ಶಾಲೆಯಲ್ಲಿ ಪರದೆ ಹಾಕಿ ಕಲಿಸ್ತೀರಾ?"

ಕರೆಂಟು, ಮೆಟ್ಟಿಲು, ವಾಂತಿ ಎಲ್ಲಕ್ಕೂ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಪರದೆ ನನಗೆ ಹೊಳೆದೇ ಇರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

"ಪರದೆ ತೆಗೆಸಿದ್ರೆ ಕಳಿಸ್ತೀರಾ?"

"ತೆಗೆಸಿದ್ದಾರಾ ಇಲ್ಲವಾ ಅಂತ ನೋಡುವವರು ಯಾರು?"

"ನೀವೇ ಬನ್ನಿ" ಎಂದುಬಿಟ್ಟೆ. ಹೇಳಿದ ಮೇಲೆ ಲೆಕ್ಕ ಹಾಕಿದೆ: ಎಪ್ಪತ್ತು ದಾಟಿದ ಮುದುಕಿ, ಮರದ ಮೆಟ್ಟಿಲು.

ಅವರು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟು, "ಬರ್ತೇನೆ" ಎಂದರು.

ಹಮೀದ್ ಪರದೆಯ ವಿಷಯ ಕೇಳಿ ತಲೆ ಕೆರೆದುಕೊಂಡರು. "ಪರದೆ ತೆಗೆದ್ರೆ ನನ್ನ ಕಾಲೇಜು ಗಿರಾಕಿಗಳು ಓಡಿಹೋಗ್ತಾರೆ ಟೀಚರ್. ಶುಕ್ರವಾರ ಬೆಳಿಗ್ಗೆ ಮಾತ್ರ ತೆಗೀತೇನೆ. ನಮಾಜಿಗೆ ಹೋಗ್ಬೇಕು, ಹನ್ನೆರಡಕ್ಕೆ ಬಾಗಿಲು ಹಾಕುವ." ಶುಕ್ರವಾರವೇ ನಮಗೂ ಬೇಕಿತ್ತು. ಗಲ್ಫಿನಲ್ಲಿ ಅಂದು ರಜೆ. ಝೊಹರಾಳ ತಂದೆ ಪ್ರತಿ ಶುಕ್ರವಾರ ಮನೆಗೆ ಫೋನ್ ಮಾಡುವವರು; ಹಿಂದಿನ ವಾರದ ಫೋನಿನಲ್ಲೇ ಅವಳ ತಾಯಿ ನಾವು ಸೈಬರಿಗೆ ಹೋಗುವ ವಿಷಯ ಹೇಳಿಟ್ಟಿದ್ದರು. ಆ ಹೊತ್ತಿಗೆ ಗೆಳೆಯನ ಕೋಣೆಯ ಕಂಪ್ಯೂಟರಿನ ಎದುರು ಇರುತ್ತೇನೆ, ಮಗಳು ಪ್ರಶ್ನೆ ಬರೆದು ಕಳಿಸಲಿ ಎಂದಿದ್ದರಂತೆ.

ಶುಕ್ರವಾರ ಬಂತು. ಕರೆಂಟಿತ್ತು. ಲೈನೂ ಇತ್ತು, ನಿಧಾನವಾದರೂ. ಮಕ್ಕಳು ಎಣಿಸಿದಾಗಲೆಲ್ಲ ಇಪ್ಪತ್ತೆರಡೇ ಸಿಕ್ಕಿದರು. ನಾನು ಹತ್ತು ಸಲವಾದರೂ ಎಣಿಸಿರಬೇಕು. ಬೀಫಾತುಮ್ಮ ಬಿಳಿ ಶಾಲು ಹೊದ್ದು, ಪ್ರವೀಣನ ಹೆಗಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಪರದೆ ಹಾಕುತ್ತಿದ್ದ ಸರಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಝೊಹರಾಳ ಪಕ್ಕದ ಸ್ಟೂಲಿನಲ್ಲಿ ಕೂತರು.

ನಾನು ಆರಿಸಿದ್ದ ಎರಡು ಪುಟಗಳು ಬೇಕೆಂದೇ ಬೇರೆಬೇರೆ ಮಾತು ಹೇಳುತ್ತಿದ್ದವು. ಒಂದರ ಪ್ರಕಾರ ಸಮುದ್ರದ ನೀರನ್ನು ಕುದಿಸಿ, ಆವಿಯನ್ನು ತಣಿಸಿ ಸಿಹಿನೀರು ಮಾಡುತ್ತಾರೆ. ಇನ್ನೊಂದರ ಪ್ರಕಾರ ಉಪ್ಪುನೀರನ್ನು ಬಲವಾಗಿ ಒತ್ತಿ, ತೀರಾ ಸಣ್ಣ ರಂಧ್ರಗಳ ಪೊರೆಯೊಳಗಿಂದ ಸೋಸುತ್ತಾರೆ. ಗುಂಪುಗಳಲ್ಲಿ ಜಗಳ ಶುರುವಾಯಿತು. ಪ್ರವೀಣ ಕುದಿಸುವ ಪಕ್ಷ. "ಅಷ್ಟು ದೊಡ್ಡ ಸಮುದ್ರವನ್ನು ಸೋಸ್ಲಿಕ್ಕೆ ಆಗ್ತದಾ? ಬೈರಾಸು ಬಟ್ಟೆ ಎಷ್ಟು ಬೇಕು!" ಎಂದು ವಾದಿಸಿದ.

"ಕುದಿಸ್ಲಿಕ್ಕೆ ಸೌದೆ ಎಷ್ಟು ಬೇಕು, ಅದನ್ನು ಹೇಳು" ಎಂದಳು ಝೊಹರಾ. ಅವಳು ಯಾರಿಗಾದರೂ ತಿರುಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳು ಅಜ್ಜಿಗೆ ಎರಡೂ ಪುಟಗಳನ್ನು ಮನೆಮಾತು ಬ್ಯಾರಿ ಭಾಷೆಯಲ್ಲಿ ವಿವರಿಸಿದಳು. ಸ್ಕ್ರೀನಿನಲ್ಲಿ ಉದ್ದುದ್ದದ ಪೈಪುಗಳು, ದೊಡ್ಡ ಟ್ಯಾಂಕುಗಳು, ಹಿಂದೆ ಸಮುದ್ರ. ಬೀಫಾತುಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. "ಇದು ಬರೆದದ್ದು ಯಾರು?" ಎಂದು ನನ್ನ ಕಡೆ ತಿರುಗಿದರು. "ಈ ನೀರು ಅವನು ಕುಡಿದಿದ್ದಾನಾ?"

ಅನುಮಾನ ಪಡುವವರ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಆಮೇಲೂ ಕಂಡಿಲ್ಲ. ಎಲ್ಲ ಗುಂಪಿನ ಅನುಮಾನದ ಮಕ್ಕಳೂ ಅವರ ಸುತ್ತ ಬಂದು ನಿಂತರು.

ಝೊಹರಾ ಒಂದೊಂದೇ ಅಕ್ಷರ ಹುಡುಕಿ ತಂದೆಗೆ ಪ್ರಶ್ನೆ ಕಳುಹಿಸಿದಳು: ಕುದಿಸುವುದಾ, ಸೋಸುವುದಾ? ಆಗ ಕನ್ನಡದಲ್ಲಿ ಟೈಪ್ ಮಾಡಲು ಆಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಬರೆದದ್ದು. ಇಪ್ಪತ್ತೆರಡು ಮಕ್ಕಳೂ ಒಂದೇ ಕಂಪ್ಯೂಟರಿನ ಮುಂದೆ ಗುಂಪಾದರು. ಉತ್ತರ ಬಂತು. ಅದನ್ನು ಝೊಹರಾ ಜೋರಾಗಿ ಓದಿದಳು: "ನಮ್ಮಲ್ಲಿ ಸೋಸುವುದು. ಪಕ್ಕದ ಹಳೆಯ ಕಂಪೆನಿಯಲ್ಲಿ ಕುದಿಸುವುದು. ಎರಡೂ ಸರಿ. ಸೋಸುವ ಪೊರೆಗಳನ್ನು ತೊಳೆಯುವ ಕೆಲಸ ನನ್ನದು. ಅದು ಕೊಳೆಯಾದರೆ ಇಡೀ ಊರಿಗೆ ನೀರಿಲ್ಲ."

ಆಮೇಲೆ ಪ್ರವೀಣ, ನನಗಲ್ಲ, ಪಕ್ಕದ ಹುಡುಗನಿಗೆ, "ಇಡೀ ಊರಿಗೆ ಮಾರಾಯ!" ಎಂದ. ಝೊಹರಾ ದಾರಿಹಾಳೆಯ ಕೊನೆಯ ಸಾಲಿನಲ್ಲಿ 'ಕೇಳಿದ ವ್ಯಕ್ತಿ' ಎಂದಿದ್ದಲ್ಲಿ ತಂದೆಯ ಹೆಸರು ಬರೆದಳು. 'ಅವರಿಗೆ ಹೇಗೆ ಗೊತ್ತು' ಎಂದಿದ್ದಲ್ಲಿ, 'ಅವರೇ ತೊಳೆಯುವುದು' ಎಂದು ಬರೆದಳು.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಹನ್ನೆರಡೂ ಹತ್ತಕ್ಕೆ ಶಾಲೆಯ ಬಾಗಿಲವರೆಗೆ ಹೋಗುವ ಒಳರಸ್ತೆಯ ಬಸ್ಸು. ನಾನು ಚಪ್ಪಾಳೆ ತಟ್ಟಿ ಎಲ್ಲರನ್ನೂ ಎಬ್ಬಿಸಿದೆ. ಎಲ್ಲರೂ ಎದ್ದರು. ಬೀಫಾತುಮ್ಮ ಏಳಲಿಲ್ಲ.

"ಕೇಳು" ಎಂದರು ಮೊಮ್ಮಗಳಿಗೆ. "ಆ ನೀರು ಅವನು ಕುಡೀತಾನಾ ಅಂತ ಕೇಳು."

ಕೇಳಿದಳು. ಉತ್ತರ ನಿಧಾನಕ್ಕೆ ಬಂತು, ಈ ಸಲ ತಾಯಿಗೇ: ಚಾಯಕ್ಕೂ ಅನ್ನಕ್ಕೂ ಅದೇ ನೀರು, ಉಮ್ಮ.

"ರುಚಿ ಹೇಗೆ ಉಂಟು ಅಂತ ಕೇಳು."

ಹಮೀದ್ ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ, ಬೀಫಾತುಮ್ಮನ ಮುಖ ನೋಡಿ, ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಹನ್ನೆರಡಾಯಿತು. ಪೊರೆ ತೊಳೆಯುವ ಕೆಲಸದಲ್ಲಿ ಕೈ ಒಡೆಯುತ್ತದಾ ಎಂದು ಬೀಫಾತುಮ್ಮ ಕೇಳಿಸಿದರು. ಹನ್ನೆರಡೂ ಐದಾಯಿತು. ಕೆಳಗೆ ನಮ್ಮ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳಿಸುತ್ತಿತ್ತು.

"ಬೀಫಾತುಮ್ಮ, ಬಸ್ಸು ಹೋಗ್ತದೆ" ಎಂದೆ.

ಅವರು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಹೋಗ್ಲಿ ಟೀಚರ್. ಬಸ್ಸು ಇನ್ನೊಂದು ಬರ್ತದೆ."

ಅಷ್ಟೇ ಆದದ್ದು. ಹನ್ನೆರಡೂ ಹತ್ತರ ಬಸ್ಸು ತಪ್ಪಿತು. ಮಂಗಳೂರಿನ ಬಸ್ಸಿನಲ್ಲಿ ತೋಡಾರಿನವರೆಗೆ ಬಂದು, ಅಲ್ಲಿಂದ ಒಳಗೆ ಬಿಸಿಲಿನಲ್ಲಿ ನಡೆದೆವು. ಇಪ್ಪತ್ತೆರಡು ಮಕ್ಕಳು, ನಾನು, ಎಲ್ಲರಿಗಿಂತ ಮುಂದೆ ಬೀಫಾತುಮ್ಮ.